ಟೆಕ್ಸಾಸ್‌ನ ಉಪ್ಪುನೀರಿನ ಬಾವಿಗಳು: ರೈಲ್‌ರೋಡ್ ಕಮಿಷನ್ನಿನ ಸಾರ್ವಜನಿಕ ನಕ್ಷೆ ಮತ್ತು ಕಡತ ಸೇವೆಯ ವಿಮರ್ಶೆ

ಟೆಕ್ಸಾಸ್ ರಾಜ್ಯದಲ್ಲಿ ತೈಲ ಮತ್ತು ಅನಿಲದ ಬಾವಿಗಳಿಂದ ಬರುವ ತ್ಯಾಜ್ಯನೀರನ್ನು ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ಒತ್ತಡದಲ್ಲಿ ಭೂಮಿಯೊಳಗೆ ಇಳಿಸಬಹುದು ಎಂಬುದನ್ನು ತೀರ್ಮಾನಿಸುವ ಸಂಸ್ಥೆಯ ಹೆಸರು ರೈಲ್‌ರೋಡ್ ಕಮಿಷನ್. 1891ರಲ್ಲಿ ರೈಲು ಕಂಪನಿಗಳನ್ನು ಹತೋಟಿಯಲ್ಲಿಡಲು ಹುಟ್ಟಿದ ಈ ಆಯೋಗಕ್ಕೆ 1917ರಿಂದೀಚೆಗೆ ತೈಲದ ಹೊಣೆ ಹಂತಹಂತವಾಗಿ ಸೇರಿತು. 2005ರಲ್ಲಿ ರೈಲಿಗೆ ಸಂಬಂಧಪಟ್ಟ ಕೊನೆಯ ಕೆಲಸವೂ ಸಾರಿಗೆ ಇಲಾಖೆಗೆ ಹೋಯಿತು, ಹೆಸರು ಹಾಗೆಯೇ ಉಳಿಯಿತು. ತೈಲದ ಬಗ್ಗೆ ದೂರು ಹೇಳಿಕೊಳ್ಳಲು ಹೊರಟ ಹೊಸಬರು ಸರಿಯಾದ ಕಚೇರಿಯನ್ನು ಗುರುತಿಸದೆ ಪರಿಸರ ಇಲಾಖೆಯ ಬಾಗಿಲಿಗೆ ಹೋಗಿ ನಿಲ್ಲುವುದನ್ನು ನಾನು ಬಹಳ ಸಲ ಕಂಡಿರುವುದರಿಂದ ಇದನ್ನು ಮೊದಲೇ ಹೇಳಬೇಕಾಯಿತು.

ಇಲ್ಲಿ ನಾನು ಪರಿಶೀಲಿಸುತ್ತಿರುವುದು ಈ ಆಯೋಗ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುವ ಸೇವೆಯನ್ನು. ಈ ತ್ಯಾಜ್ಯನೀರನ್ನು ಭೂಮಿಯೊಳಕ್ಕೆ ಇಳಿಸುವ ವಿಲೇವಾರಿ ಬಾವಿಗಳನ್ನು ತೋರಿಸುವ ಜಾಲತಾಣದ ನಕ್ಷೆ, ಅದರ ಹಿಂದಿರುವ ಪರವಾನಗಿ ಕಡತಗಳು, ಕಂಪನಿಗಳು ಸಲ್ಲಿಸುವ ವರದಿಗಳು ಹಾಗೂ ಹೊಸ ಬಾವಿಗೆ ಆಕ್ಷೇಪಣೆ ಸಲ್ಲಿಸುವ ವ್ಯವಸ್ಥೆ, ಇವೆಲ್ಲವನ್ನೂ ಸೇರಿಸಿ ಒಂದೇ ಸೇವೆಯೆಂದು ನಾನು ಪರಿಗಣಿಸಿದ್ದೇನೆ, ಏಕೆಂದರೆ ಭೂಮಾಲೀಕನೊಬ್ಬನಿಗೆ ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಉಪಯೋಗಕ್ಕೆ ಬರುವುದಿಲ್ಲ. ಪಶ್ಚಿಮ ಟೆಕ್ಸಾಸ್‌ನಲ್ಲಿ ನೀರಿನ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿರುವ ನಾನು ಇದನ್ನು ಹೆಚ್ಚುಕಡಿಮೆ ದಿನವೂ ಬಳಸುತ್ತೇನೆ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿ, ಊರಾಚೆ ಕೆಲವು ಎಕರೆ ಜಮೀನು ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರು ಮುಂಗಡ ಕೊಡುವ ಮೊದಲು ಇದನ್ನು ತೆರೆದು ನೋಡಲೇಬೇಕು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ನೀರು ಎಂಥದ್ದು ಎಂಬುದನ್ನು ತಿಳಿಯಬೇಕು. ತೈಲದ ಬಾವಿಯಿಂದ ತೈಲಕ್ಕಿಂತ ಹೆಚ್ಚಾಗಿ ಮೇಲೆ ಬರುವುದು ನೀರು. ಪಶ್ಚಿಮ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋಗಳಲ್ಲಿ ಹರಡಿಕೊಂಡಿರುವ ಪರ್ಮಿಯನ್ ಬೇಸಿನ್ನಿನಲ್ಲಿ ಒಂದು ಬ್ಯಾರೆಲ್ ತೈಲಕ್ಕೆ ಮೂರು-ನಾಲ್ಕು ಬ್ಯಾರೆಲ್ ನೀರು ಬರುವುದು ಸಾಮಾನ್ಯ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದರೆ ಇಲ್ಲಿಯ ನೀರಿನಲ್ಲಿ ಅದು 100 ಗ್ರಾಂ ದಾಟುವುದು ಅಪರೂಪವೇನಲ್ಲ. ಜೊತೆಗೆ ಬೆಂಜೀನ್, ಅಮೋನಿಯಾ, ಬೇರಿಯಂ, ನೈಸರ್ಗಿಕವಾಗಿ ಕರಗಿ ಬಂದ ರೇಡಿಯಂ ಇರುತ್ತವೆ. ಪರ್ಮಿಯನ್ನಿನಲ್ಲಿ ದಿನಕ್ಕೆ ಸುಮಾರು ಎರಡು ಕೋಟಿ ಬ್ಯಾರೆಲ್ ಇಂಥ ನೀರು ಬರುತ್ತದೆ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಅಂದರೆ ದಿನಕ್ಕೆ ಮುನ್ನೂರು ಕೋಟಿ ಲೀಟರಿಗೂ ಹೆಚ್ಚು. ಕಾವೇರಿ ಐದನೇ ಹಂತವೂ ಸೇರಿದಂತೆ ಇಡೀ ಬೆಂಗಳೂರಿಗೆ ಹರಿಸಲು ಯೋಜಿಸಿರುವ ಕಾವೇರಿ ನೀರು ದಿನಕ್ಕೆ ಸುಮಾರು 222 ಕೋಟಿ ಲೀಟರ್ ಎಂಬುದನ್ನು ನೆನೆದರೆ ಈ ಪ್ರಮಾಣದ ಅಂದಾಜು ಸಿಗುತ್ತದೆ. ಇದರಲ್ಲಿ ಒಂದು ಭಾಗವನ್ನು ಹೊಸ ಬಾವಿಗಳ ಫ್ರ್ಯಾಕಿಂಗ್‌ಗೆ, ಅಂದರೆ ಒತ್ತಡದ ನೀರಿನಿಂದ ಬಂಡೆಯನ್ನು ಬಿರುಕುಬಿಡಿಸಿ ತೈಲ ತೆಗೆಯುವುದಕ್ಕೆ, ಮರುಬಳಕೆ ಮಾಡುತ್ತಾರೆ. ಉಳಿದದ್ದು ವಿಲೇವಾರಿ ಬಾವಿಗಳ ಮೂಲಕ ಭೂಮಿಯೊಳಕ್ಕೆ ಹೋಗುತ್ತದೆ.

ಈ ಕೆಲಸದ ಮೇಲಿನ ಅಧಿಕಾರ ರಾಜ್ಯದ ಕೈಗೆ ಬಂದ ಬಗೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1974ರ ಕುಡಿಯುವ ನೀರಿನ ಸುರಕ್ಷತಾ ಕಾಯ್ದೆಯು ಭೂಮಿಯೊಳಕ್ಕೆ ದ್ರವ ಇಳಿಸುವ ಬಾವಿಗಳನ್ನು ವರ್ಗಗಳಾಗಿ ವಿಂಗಡಿಸುವ ಕೇಂದ್ರ ವ್ಯವಸ್ಥೆಗೆ ದಾರಿ ಮಾಡಿತು. ತೈಲೋದ್ಯಮದ ಬಾವಿಗಳು ಎರಡನೇ ವರ್ಗಕ್ಕೆ ಸೇರಿದವು. ಆ ವರ್ಗದ ಮೇಲ್ವಿಚಾರಣೆ 1982ರಲ್ಲಿ ಟೆಕ್ಸಾಸ್‌ನ ಈ ಆಯೋಗಕ್ಕೆ ವರ್ಗಾವಣೆಯಾಯಿತು. 1988ರಲ್ಲಿ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯು ತೈಲೋತ್ಪಾದನೆಯ ತ್ಯಾಜ್ಯವನ್ನು ಅಪಾಯಕಾರಿ ತ್ಯಾಜ್ಯದ ಕೇಂದ್ರ ನಿಯಮಗಳಿಂದ ಹೊರಗಿಟ್ಟಿತು. ಹೀಗಾಗಿ ಅದೇ ಬೆಂಜೀನ್ ರಾಸಾಯನಿಕ ಕಾರ್ಖಾನೆಯಿಂದ ಹೊರಬಿದ್ದರೆ ಒಂದು ಕಾನೂನು, ತೈಲದ ಬಾವಿಯಿಂದ ಹೊರಬಿದ್ದರೆ ಇನ್ನೊಂದು. ರಾಜ್ಯದ ನಿಯಮಗಳೇ ಇಲ್ಲಿ ಬಹುಮಟ್ಟಿಗೆ ಕೊನೆಯ ಕಾವಲು ಆಗಿರುವುದರಿಂದ ರಾಜ್ಯದ ಸೇವೆಯನ್ನು ಬಿಗಿಯಾದ ಅಳತೆಗೋಲಿನಿಂದಲೇ ಅಳೆಯಬೇಕು.

ಇನ್ನು ನಕ್ಷೆ. ಆಯೋಗದ ಜಾಲತಾಣದಲ್ಲಿ ಜಿಐಎಸ್ ವ್ಯೂವರ್ ಎಂಬ ಹೆಸರಿನಲ್ಲಿ ಇದು ದೊರೆಯುತ್ತದೆ. ಖಾತೆ ತೆರೆಯಬೇಕಿಲ್ಲ, ಶುಲ್ಕವಿಲ್ಲ, ಯಾವ ಕಾರಣಕ್ಕೆ ನೋಡುತ್ತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಇಡೀ ರಾಜ್ಯದ ಬಾವಿಗಳು, ಪೈಪ್‌ಲೈನುಗಳು, ಹಳೆಯ ಸರ್ವೆ ಗಡಿಗಳು ಒಂದರ ಮೇಲೊಂದು ಪದರಗಳಾಗಿ ಇವೆ. ಬೇಕಾದ ಕೌಂಟಿಗೆ ಹೋಗಿ ಹತ್ತಿರಕ್ಕೆ ತಂದರೆ ತೈಲದ ಬಾವಿ, ಅನಿಲದ ಬಾವಿ, ಮುಚ್ಚಿದ ಬಾವಿ, ತೈಲ ಸಿಗದ ಒಣ ಬಾವಿ, ವಿಲೇವಾರಿ ಬಾವಿ ಎಲ್ಲಕ್ಕೂ ಬೇರೆಬೇರೆ ಸಂಕೇತಗಳು ಕಾಣಿಸುತ್ತವೆ. ಮಿಡ್‌ಲ್ಯಾಂಡ್ ಕೌಂಟಿಯನ್ನು ಮೊದಲ ಸಲ ಹೀಗೆ ತೆರೆದವರಿಗೆ ಮನೆಗಳ ನಡುವೆ, ಶಾಲೆಗಳ ಹಿಂದೆ, ಬಯಲಿನಲ್ಲಿ ಇಷ್ಟೊಂದು ಬಾವಿಗಳು ಇದ್ದವೇ ಎಂದು ಗಾಬರಿಯಾಗುವುದು ಸಹಜ. ಒಂದು ಸಂಕೇತದ ಮೇಲೆ ಒತ್ತಿದರೆ ಅದರ ಎಪಿಐ ಸಂಖ್ಯೆ ಬರುತ್ತದೆ: ಮೊದಲ ಎರಡು ಅಂಕೆ 42 ಎಂದರೆ ಟೆಕ್ಸಾಸ್, ನಂತರದ ಮೂರು ಅಂಕೆ ಕೌಂಟಿ, ಮಿಡ್‌ಲ್ಯಾಂಡಿಗೆ 329, ರೀವ್ಸ್‌ಗೆ 389. ಬಾವಿಯ ಮಟ್ಟಿಗೆ ಇದು ಜೀವಮಾನದ ಗುರುತು; ಬಾವಿ ಎಷ್ಟು ಕಂಪನಿಗಳ ಕೈ ಬದಲಾಯಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದ ಮಾರುವವರು ಏನೇ ಹೇಳಲಿ, ಈ ಸಂಖ್ಯೆಯನ್ನು ಬರೆದುಕೊಳ್ಳಿ.

ನಕ್ಷೆಯಲ್ಲೇ ಎಲ್ಲವೂ ಸಿಗುವುದಿಲ್ಲ ಎಂಬುದು ನಿಜ. ವಿಲೇವಾರಿಯ ಪರವಾನಗಿಗೆ ಪ್ರತ್ಯೇಕ ಯುಐಸಿ (ಭೂಮಿಯೊಳಕ್ಕೆ ದ್ರವ ಇಳಿಸುವುದರ ನಿಯಂತ್ರಣ) ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಬೇರೆ ಪುಟದಲ್ಲಿ ಹುಡುಕಬೇಕು, ವರದಿಗಳಿಗೆ ಮತ್ತೊಂದು ಪುಟ. ಈ ಕೊಂಡಿಗಳನ್ನು ಕಲಿತವರಿಗೆ ತೊಂದರೆಯಿಲ್ಲ. ಕಲಿಯದವರು ನಕ್ಷೆಯಲ್ಲಿ ಬಾವಿಯನ್ನು ನೋಡಿ, ಅದರಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಪುಟ ಮುಚ್ಚುವ ಸಾಧ್ಯತೆ ಹೆಚ್ಚು. ಆದರೂ ಇಷ್ಟು ವಿಸ್ತಾರವಾದ ಮಾಹಿತಿಯನ್ನು ಅರ್ಜಿಯಿಲ್ಲದೆ, ಮುಚ್ಚುಮರೆಯಿಲ್ಲದೆ ಎಲ್ಲರ ಮುಂದಿಟ್ಟಿರುವುದು ದೊಡ್ಡ ಉಪಕಾರ. ನಕ್ಷೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ಪರವಾನಗಿಯ ಕಡತವನ್ನು ತೆರೆದಾಗ ಮೂರು ಸಂಗತಿಗಳ ಮೇಲೆ ಕಣ್ಣಿಡಬೇಕು. ನೀರು ಇಳಿಯುವ ಪದರದ ಮೇಲಿನ ಮತ್ತು ಕೆಳಗಿನ ಆಳ ಮೊದಲನೆಯದು. ದಿನಕ್ಕೆ ಇಳಿಸಬಹುದಾದ ಗರಿಷ್ಠ ಬ್ಯಾರೆಲ್ ಎರಡನೆಯದು. ನೆಲದ ಮಟ್ಟದಲ್ಲಿ ಬಳಸಬಹುದಾದ ಗರಿಷ್ಠ ಒತ್ತಡ ಮೂರನೆಯದು. ಒತ್ತಡಕ್ಕೆ ಆಯೋಗವು ಬಹುಕಾಲದಿಂದ ಅನುಸರಿಸಿರುವ ಸರಳ ಲೆಕ್ಕವೆಂದರೆ ಪದರದ ಮೇಲ್ಭಾಗದವರೆಗಿನ ಪ್ರತಿ ಅಡಿಗೆ ಅರ್ಧ ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ). 5,000 ಅಡಿ ಆಳದಲ್ಲಿ ಪದರ ಶುರುವಾದರೆ 2,500 ಪಿಎಸ್‌ಐ ಮೀರಬಾರದು. ಮೀರಿದರೆ ಬಂಡೆ ಬಿರುಕುಬಿಟ್ಟು ನೀರು ಬೇಡದ ಕಡೆಗೆ ದಾರಿ ಮಾಡಿಕೊಳ್ಳುವ ಅಪಾಯವಿದೆ. ಸಿಹಿನೀರಿನ ಪದರಗಳು ಎಷ್ಟು ಆಳದವರೆಗೆ ಇವೆ, ಕೇಸಿಂಗನ್ನು ಎಲ್ಲಿಯವರೆಗೆ ಇಳಿಸಿ ಸಿಮೆಂಟು ತುಂಬಬೇಕು ಎಂಬುದನ್ನು ಆಯೋಗದ ಅಂತರ್ಜಲ ಸಲಹಾ ಘಟಕ ಪ್ರತ್ಯೇಕ ಪತ್ರದಲ್ಲಿ ತಿಳಿಸುತ್ತದೆ. ಲೀಟರಿಗೆ 3,000 ಮಿಲಿಗ್ರಾಂವರೆಗಿನ ಲವಣಾಂಶದ ನೀರನ್ನು ಬಳಕೆಯೋಗ್ಯವೆಂದು ರಾಜ್ಯ ಪರಿಗಣಿಸಿದರೆ, ಕೇಂದ್ರದ ನಿಯಮ 10,000 ಮಿಲಿಗ್ರಾಂಗಿಂತ ಕಡಿಮೆ ಇರುವುದನ್ನು ಮುಂದೊಂದು ದಿನದ ಕುಡಿಯುವ ನೀರಿನ ಮೂಲವೆಂದು ರಕ್ಷಿಸುತ್ತದೆ. ಬಾವಿಯ ಒಳಗೋಡೆ ಸೋರುತ್ತಿಲ್ಲವೆಂದು ತೋರಿಸುವ ಒತ್ತಡ ಪರೀಕ್ಷೆಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಮಾಡಬೇಕು. ಕಾಗದದ ಮೇಲೆ ಇವೆಲ್ಲ ಅಚ್ಚುಕಟ್ಟಾಗಿವೆ, ಮತ್ತು ಒಂದೊಂದೇ ಬಾವಿಯನ್ನು ಪ್ರತ್ಯೇಕವಾಗಿ ತೆಗೆದುಕೊಂಡರೆ ಈ ನಿಯಮಗಳು ಬಹುಪಾಲು ಸರಿಯಾಗಿಯೇ ಇವೆ ಎಂಬುದು ನನ್ನ ಅಭಿಪ್ರಾಯ.

ತೊಡಕು ಶುರುವಾಗುವುದು ವರದಿಯಲ್ಲಿ. ಎಚ್-10 ಎಂಬ ನಮೂನೆಯಲ್ಲಿ ಕಂಪನಿಯು ಪ್ರತಿ ತಿಂಗಳ ಸರಾಸರಿ ಒತ್ತಡ, ಗರಿಷ್ಠ ಒತ್ತಡ, ಇಳಿಸಿದ ಬ್ಯಾರೆಲ್‌ಗಳ ಸಂಖ್ಯೆಯನ್ನು ಬರೆಯಬೇಕು. ಹನ್ನೆರಡು ಸಾಲು, ಕೆಲವು ಕಾಲಂ, ಅಷ್ಟೇ. ಆದರೆ ಓದಲು ಕಲಿತರೆ ಈ ಹನ್ನೆರಡು ಸಾಲುಗಳು ಬಹಳ ಹೇಳುತ್ತವೆ. ಬ್ಯಾರೆಲ್‌ಗಳ ಸಂಖ್ಯೆ ಇದ್ದಷ್ಟೇ ಇದ್ದು ಒತ್ತಡ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಬಂಡೆ ತುಂಬುತ್ತಿದೆ ಎಂದರ್ಥ. ಒತ್ತಡ ಹಠಾತ್ತನೆ ಕುಸಿದು, ಇಳಿಯುವ ನೀರು ಮಾತ್ರ ಹಾಗೆಯೇ ಇದ್ದರೆ, ನೀರಿಗೆ ಎಲ್ಲೋ ಹೊಸ ದಾರಿ ಸಿಕ್ಕಿರಬಹುದೆಂದು ಅನುಮಾನಿಸಬೇಕು. ಗರಿಷ್ಠ ಒತ್ತಡದ ಕಾಲಂನಲ್ಲಿ ಪರವಾನಗಿಯ ಮಿತಿಯ ಸಂಖ್ಯೆಯೇ ತಿಂಗಳುಗಟ್ಟಲೆ ಪುನರಾವರ್ತನೆಯಾಗುತ್ತಿದ್ದರೆ, ಯಾರೋ ಮಾಪಕವನ್ನು ನೋಡದೆ ಬರೆಯುತ್ತಿರಬಹುದು ಅಥವಾ ಬಾವಿಯನ್ನು ಅದರ ತುತ್ತತುದಿಯಲ್ಲಿ ನಡೆಸುತ್ತಿರಬಹುದು. ಎರಡೂ ಒಳ್ಳೆಯ ಸುದ್ದಿಯಲ್ಲ.

ಇಷ್ಟು ಬೆಲೆಬಾಳುವ ಈ ಅಂಕಿಗಳನ್ನು ಸಾಮಾನ್ಯ ಬಾವಿಗಳ ಮಟ್ಟಿಗೆ ವರ್ಷಕ್ಕೊಮ್ಮೆ ಮಾತ್ರ ಸಲ್ಲಿಸಿದರೆ ಸಾಕು ಎಂಬುದು ಈ ಸೇವೆಯ ಅತಿ ದೊಡ್ಡ ಕೊರತೆ. ವರ್ಷದ ಆರಂಭದಲ್ಲಿ ಏರತೊಡಗಿದ ಒತ್ತಡವನ್ನು ನೆರೆಯ ಭೂಮಾಲೀಕರು ಕಾಣುವ ಹೊತ್ತಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸರಿದಿರಬಹುದು. ಅಂಕಿಗಳನ್ನು ಅಳೆಯುವವರೂ ಬರೆಯುವವರೂ ಕಂಪನಿಯವರೇ. ನಾನು ಇದನ್ನು ಕಂಪನಿಗಳ ಪ್ರಾಮಾಣಿಕತೆಯ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ನನಗೆ ಗೊತ್ತಿರುವ ಪಂಪ್ ನೋಡಿಕೊಳ್ಳುವ ಕೆಲಸಗಾರರಲ್ಲಿ ಹೆಚ್ಚಿನವರು ತಮ್ಮ ಮಾಪಕಗಳನ್ನು ಶ್ರದ್ಧೆಯಿಂದ ನೋಡುವವರು. ಆದರೆ ಇಂದು ಆ ಮಾಪಕಗಳ ಸಂಕೇತ ಕಂಪನಿಯ ಕಚೇರಿಗೆ ಕ್ಷಣಕ್ಷಣಕ್ಕೂ ತಲುಪಬಲ್ಲದು. ಇಂಥ ಕಾಲದಲ್ಲಿ ಅದೇ ಅಂಕಿ ಸಾರ್ವಜನಿಕರಿಗೆ ತಿಂಗಳಿಗೊಮ್ಮೆಯಾದರೂ ಸಿಗುವಂತೆ ಮಾಡುವುದು ಕಷ್ಟದ ಮಾತಲ್ಲ. ಈ ಭಾಗಕ್ಕೆ ಐದರಲ್ಲಿ ಎರಡು.

ಪರಿಚಯದ ಕನ್ನಡ ದಂಪತಿಗಳು ಮಿಡ್‌ಲ್ಯಾಂಡಿನ ಹೊರವಲಯದಲ್ಲಿ ಹತ್ತು ಎಕರೆಯ ಒಂದು ಜಾಗವನ್ನು ನೋಡಿಕೊಂಡು ಬಂದು, ಒಂದು ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಈ ನಕ್ಷೆಯನ್ನು ನನ್ನೊಂದಿಗೆ ನೋಡಿದರು. ಜಾಗದ ಬೇಲಿಯಿಂದ ಸ್ವಲ್ಪವೇ ದೂರದಲ್ಲಿ ಒಂದು ವಿಲೇವಾರಿ ಬಾವಿ ಇತ್ತು. ಜಾಗದೊಳಗೇ ದಶಕಗಳ ಹಿಂದೆ ಮುಚ್ಚಿದ್ದೆಂದು ದಾಖಲಾದ ಒಂದು ಹಳೆಯ ಬಾವಿಯೂ ಇತ್ತು. ಮಾರುವವರು ಎರಡರ ವಿಚಾರವನ್ನೂ ಎತ್ತಿರಲಿಲ್ಲ. ಕಡತಗಳನ್ನೆಲ್ಲ ತೆರೆದು ತೋರಿಸಿದ ಮೇಲೆ ಆ ಗೃಹಿಣಿ, "ಇದೆಲ್ಲ ಸರಿ ಅಣ್ಣ, ಅಲ್ಲಿಯ ಬೋರ್‌ವೆಲ್ ನೀರು ಕುಡಿಯಬಹುದಾ ಅನ್ನೋದು ಇದರಲ್ಲಿ ಎಲ್ಲಿ ಬರೆದಿದೆ?" ಎಂದು ಕೇಳಿದರು. ಎಲ್ಲೂ ಬರೆದಿಲ್ಲ. ಖಾಸಗಿ ಬೋರ್‌ವೆಲ್ಲಿನ ನೀರನ್ನು ಪರೀಕ್ಷಿಸುವ ಹೊಣೆಯನ್ನು ಟೆಕ್ಸಾಸ್‌ನಲ್ಲಿ ಯಾವ ಇಲಾಖೆಯೂ ಹೊತ್ತಿಲ್ಲ, ಅದು ಮಾಲೀಕರದೇ. ಆಯೋಗದ ಕಡತಗಳು ಇಳಿಸಿದ ನೀರಿನ ಲೆಕ್ಕವನ್ನು ಹೇಳುತ್ತವೆ, ಮೇಲಕ್ಕೆ ಸೇದುವ ನೀರಿನ ಸ್ಥಿತಿಯನ್ನು ಹೇಳುವುದಿಲ್ಲ. ಆದ್ದರಿಂದ ನಾನು ಎಲ್ಲರಿಗೂ ಕೊಡುವ ಸಲಹೆ: ಜಾಗ ಕೊಳ್ಳುವ ಮೊದಲೇ, ಅಥವಾ ನೆರೆಯಲ್ಲಿ ವಿಲೇವಾರಿ ಬಾವಿ ಬರುವ ಮೊದಲೇ, ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಕ್ಲೋರೈಡ್, ಬ್ರೋಮೈಡ್, ಬೇರಿಯಂ, ಒಟ್ಟು ಕರಗಿದ ಲವಣ, ಬೆಂಜೀನ್ ಇವಿಷ್ಟನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಜೋಪಾನವಾಗಿಡಿ. ಮೊದಲಿನ ಸ್ಥಿತಿಯ ದಾಖಲೆಯಿಲ್ಲದೆ ನಂತರದ ಕೆಡುಕನ್ನು ಸಾಬೀತು ಮಾಡುವುದು ತೀರ ಕಷ್ಟ.

ಹೊಸ ಬಾವಿಯ ಅರ್ಜಿ ಬಂದಾಗ ಯಾರಿಗೆ ತಿಳಿಸಬೇಕು ಎಂಬ ನಿಯಮವನ್ನೂ ನೋಡಬೇಕು. ಬಾವಿ ಕೊರೆಯುವ ಜಾಗದ ಮೇಲ್ಮೈ ಮಾಲೀಕರಿಗೆ, ಅರ್ಧ ಮೈಲಿಯೊಳಗೆ ಬಾವಿ ನಡೆಸುವ ಕಂಪನಿಗಳಿಗೆ, ಕೌಂಟಿಯ ಗುಮಾಸ್ತರಿಗೆ ಮತ್ತು ನಗರದೊಳಗಾದರೆ ನಗರದ ಗುಮಾಸ್ತರಿಗೆ ಅರ್ಜಿದಾರರು ಪ್ರತಿ ಕಳುಹಿಸಬೇಕು. ಬೇರೆ ಕಂಪನಿಗಳ ನೀರನ್ನು ಹಣ ಪಡೆದು ಇಳಿಸುವ ವಾಣಿಜ್ಯ ಬಾವಿಯಾದರೆ ಮಾತ್ರ ಅಂಟಿಕೊಂಡಿರುವ ಜಮೀನುಗಳ ಮಾಲೀಕರಿಗೂ ಪ್ರತಿ ಹೋಗುತ್ತದೆ. ಉಳಿದವರಿಗೆಲ್ಲ ಆ ಕೌಂಟಿಯ ಪತ್ರಿಕೆಯೊಂದರಲ್ಲಿ ಒಮ್ಮೆ ಪ್ರಕಟವಾಗುವ ಸೂಚನೆಯೇ ಗತಿ. ಆಕ್ಷೇಪಣೆಗೆ ಇರುವ ಕಾಲ 15 ದಿನ. ಅಷ್ಟರೊಳಗೆ ಬಾಧಿತರು ಯಾರೂ ಆಕ್ಷೇಪಿಸದಿದ್ದರೆ ವಿಚಾರಣೆಯಿಲ್ಲದೆ ಕಚೇರಿಯ ಮಟ್ಟದಲ್ಲೇ ಪರವಾನಗಿ ನೀಡಬಹುದು. ಸ್ಥಳೀಯ ಪತ್ರಿಕೆಗಳನ್ನು ಓದುವವರೇ ಕಡಿಮೆಯಾಗಿರುವ ಈ ಕಾಲದಲ್ಲಿ, ಊರಿನಿಂದ ಎರಡು ವಾರ ರಜೆಯ ಮೇಲೆ ಹೋದವರು ಹಿಂದಿರುಗುವಷ್ಟರಲ್ಲಿ ಮುಗಿದುಹೋಗುವ ಅವಧಿಯನ್ನು ನ್ಯಾಯವಾದ ಅವಕಾಶವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಈ ಅವಧಿಯನ್ನು ಕನಿಷ್ಠ ದುಪ್ಪಟ್ಟು ಮಾಡಿ, ಅರ್ಧ ಮೈಲಿಯೊಳಗಿನ ಪ್ರತಿ ಭೂಮಾಲೀಕರಿಗೂ ನೇರವಾಗಿ ಪತ್ರ ಹೋಗುವಂತೆ ಮಾಡಬೇಕು. ಆಕ್ಷೇಪಣೆ ಸಲ್ಲಿಸಿದ ನಂತರದ ವಿಚಾರಣೆ ಮಾತ್ರ ಕ್ರಮಬದ್ಧವಾಗಿದೆ. ಸಾಕ್ಷ್ಯ, ಪಾಟಿಸವಾಲು, ಲಿಖಿತ ಶಿಫಾರಸು ಎಲ್ಲವೂ ಇವೆ. ಆದರೆ ಎದುರಿಗೆ ಕಂಪನಿಯ ವಕೀಲರು ಮತ್ತು ಭೂವಿಜ್ಞಾನಿಗಳು ಕುಳಿತಿರುವಾಗ ಒಬ್ಬ ರೈತ ಸ್ವಂತ ಖರ್ಚಿನಲ್ಲಿ ತಜ್ಞರನ್ನು ಕರೆತರಬೇಕಾಗುತ್ತದೆ.

ಕೊನೆಯ ತೀರ್ಮಾನ ಮೂವರು ಕಮಿಷನರುಗಳದು. ಅವರು ಆರು ವರ್ಷಗಳ ಅವಧಿಗೆ ರಾಜ್ಯವ್ಯಾಪಿ ಚುನಾವಣೆಯಲ್ಲಿ ಗೆದ್ದು ಬರುವವರು, ಮತ್ತು ತಾವು ನಿಯಂತ್ರಿಸುವ ಉದ್ಯಮದವರಿಂದ ಚುನಾವಣಾ ದೇಣಿಗೆ ಪಡೆಯಲು ಅವರಿಗೆ ಕಾನೂನಿನ ಅಡ್ಡಿಯಿಲ್ಲ. ಸಭೆಗಳು ನೇರಪ್ರಸಾರವಾಗುತ್ತವೆ. ಆಸಕ್ತರು ಒಮ್ಮೆ ನೋಡುವುದು ಒಳ್ಳೆಯದು.

ಈಗ ಭೂಕಂಪದ ವಿಚಾರ. ಈ ಸೇವೆಯ ಬಲವೂ ದೌರ್ಬಲ್ಯವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. 2008ರಲ್ಲಿ ಡಲ್ಲಾಸ್-ಫೋರ್ಟ್ ವರ್ತ್ ವಿಮಾನ ನಿಲ್ದಾಣದ ಸುತ್ತ ನೆಲ ನಡುಗತೊಡಗಿತು. 2013ರ ಕೊನೆಯಲ್ಲಿ ಏಝಲ್ ಎಂಬ ಊರಿನ ಜನ ಮತ್ತೆ ಮತ್ತೆ ಕಂಪನಗಳನ್ನು ಅನುಭವಿಸಿದರು. 2014ರಲ್ಲಿ ಆಯೋಗ ನಿಯಮ ತಿದ್ದುಪಡಿ ಮಾಡಿ, ಅರ್ಜಿದಾರರು ಬಾವಿಯ ಸುತ್ತಲಿನ 100 ಚದರ ಮೈಲಿಯ ಹಿಂದಿನ ಭೂಕಂಪಗಳ ದಾಖಲೆಯನ್ನು ಒದಗಿಸಬೇಕೆಂದಿತು. ಅಗತ್ಯವಿದ್ದರೆ ಪರವಾನಗಿಯನ್ನು ಮಾರ್ಪಡಿಸುವ, ತಡೆಹಿಡಿಯುವ, ರದ್ದುಮಾಡುವ ಅಧಿಕಾರವನ್ನೂ ಸ್ಪಷ್ಟಪಡಿಸಿಕೊಂಡಿತು. ಅದು ಒಳ್ಳೆಯ ಹೆಜ್ಜೆ. ಆದರೆ 2015ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಏಝಲ್‌ನ ಕಂಪನಗಳಿಗೂ ಅಲ್ಲಿಯ ಉಪ್ಪುನೀರಿನ ವಿಲೇವಾರಿ ಮತ್ತು ಅನಿಲೋತ್ಪಾದನೆಗೂ ಇರುವ ಸಂಬಂಧವನ್ನು ತೋರಿಸಿದ ಮೇಲೆ ನಡೆದ ವಿಚಾರಣೆಯಲ್ಲಿ, ಬಾವಿಗಳೇ ಕಾರಣವೆನ್ನಲು ಸಾಕ್ಷ್ಯ ಸಾಲದು ಎಂಬ ತೀರ್ಮಾನಕ್ಕೆ ಆಯೋಗ ಬಂದಿತು.

ಅದೇ ಹೊತ್ತಿಗೆ ಉತ್ತರದ ನೆರೆರಾಜ್ಯ ಓಕ್ಲಹೋಮ ಹೆಚ್ಚು ದೊಡ್ಡ ಪೆಟ್ಟು ತಿನ್ನುತ್ತಿತ್ತು. 2008ಕ್ಕೆ ಮೊದಲು ವರ್ಷಕ್ಕೆ ಒಂದೆರಡಷ್ಟೇ ಆಗುತ್ತಿದ್ದ, 3ಕ್ಕಿಂತ ಹೆಚ್ಚು ತೀವ್ರತೆಯ ಕಂಪನಗಳು 2015ರಲ್ಲಿ 900ನ್ನು ದಾಟಿದವು. ಆರ್ಬಕಲ್ ಎಂಬ ಆಳದ ಸುಣ್ಣಕಲ್ಲಿನ ಪದರಕ್ಕೆ ಇಳಿಸಿದ ನೀರು ಅದರ ಕೆಳಗಿನ ಹಳೆಯ ಬಿರುಕುಗಳ ಮೇಲೆ ಒತ್ತಡ ಹೇರಿದ್ದೇ ಕಾರಣ. 2016ರ ಸೆಪ್ಟೆಂಬರ್ 3ರಂದು ಪಾನೀ ಬಳಿ 5.8 ತೀವ್ರತೆಯ ಭೂಕಂಪವಾಯಿತು. ಅಲ್ಲಿ ತೈಲದ ಬಾವಿಗಳ ಹೊಣೆ ಹೊತ್ತಿರುವ ಕಾರ್ಪೊರೇಷನ್ ಕಮಿಷನ್ ಅದೇ ವರ್ಷದ ಆರಂಭದಲ್ಲೇ ಒಂದೊಂದೇ ಬಾವಿಯನ್ನು ನೋಡುವುದನ್ನು ಬಿಟ್ಟು, ಸಾವಿರಾರು ಚದರ ಮೈಲಿಯ ಪ್ರದೇಶದ 600ಕ್ಕೂ ಹೆಚ್ಚು ಬಾವಿಗಳ ಒಟ್ಟು ಪ್ರಮಾಣವನ್ನು ಕಡಿತಗೊಳಿಸುವ ಯೋಜನೆ ತಂದಿತ್ತು. 2017ರ ಹೊತ್ತಿಗೆ ಕಂಪನಗಳ ಸಂಖ್ಯೆ ಸುಮಾರು 300ಕ್ಕೆ ಇಳಿಯಿತು. ತೈಲದ ಬೆಲೆ ಕುಸಿದು ಉತ್ಪಾದನೆ ತಗ್ಗಿದ್ದೂ ಇದಕ್ಕೆ ನೆರವಾಯಿತು ಎಂಬುದನ್ನು ಹೇಳಲೇಬೇಕು. ಆದರೂ ಭೂಮಿಯೊಳಗಿನ ಒತ್ತಡ ಬೇಲಿಗಳನ್ನು ಲೆಕ್ಕಿಸುವುದಿಲ್ಲ, ಆದ್ದರಿಂದ ನಿಯಂತ್ರಣವೂ ಇಡೀ ಪ್ರದೇಶವನ್ನು ಒಂದಾಗಿ ನೋಡಬೇಕು ಎಂಬ ಪಾಠವನ್ನು ಓಕ್ಲಹೋಮ ಟೆಕ್ಸಾಸ್‌ಗಿಂತ ಐದಾರು ವರ್ಷ ಮೊದಲು ಕಲಿಯಿತು.

ಟೆಕ್ಸಾಸ್‌ನಲ್ಲಿ ಆ ಬದಲಾವಣೆ ಬಂದದ್ದು 2021ರಲ್ಲಿ. ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ ನಡುವಿನ ಗಾರ್ಡನ್‌ಡೇಲ್ ಸುತ್ತ ಭೂಕಂಪ ಸ್ಪಂದನಾ ವಲಯವನ್ನು ಘೋಷಿಸಿ, ವರ್ಷದ ಕೊನೆಗೆ ಅಲ್ಲಿಯ 33 ಆಳದ ವಿಲೇವಾರಿ ಬಾವಿಗಳ ಪರವಾನಗಿಯನ್ನು ಆಯೋಗ ತಡೆಹಿಡಿಯಿತು. ನಂತರ ಕಲ್ಬರ್‌ಸನ್-ರೀವ್ಸ್ ಮತ್ತು ಸ್ಟ್ಯಾಂಟನ್ ವಲಯಗಳು ಬಂದವು. 2022ರ ನವೆಂಬರ್ 16ರಂದು ಮೆಂಟೋನ್ ಬಳಿ 5.4 ತೀವ್ರತೆಯ ಕಂಪನವಾಯಿತು. ಮರುವರ್ಷ ನವೆಂಬರಿನಲ್ಲಿ ಮತ್ತೊಂದು 5.2ರದ್ದು. 2024ರ ಜನವರಿಯಲ್ಲಿ ಕಲ್ಬರ್‌ಸನ್-ರೀವ್ಸ್ ವಲಯದ 23 ಆಳದ ಬಾವಿಗಳನ್ನೂ ತಡೆಹಿಡಿಯಲಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದವರು 2017ರಿಂದ ನಡೆಸುತ್ತಿರುವ ಟೆಕ್ಸ್‌ನೆಟ್ ಎಂಬ ಕಂಪನಮಾಪಕ ಜಾಲ ಇಲ್ಲದಿದ್ದರೆ ಇಂಥ ನಿರ್ಧಾರಗಳಿಗೆ ಆಧಾರವೇ ಇರುತ್ತಿರಲಿಲ್ಲ. ರಾಜ್ಯದ ಹಣದಿಂದ ನಡೆಯುವ ಈ ಜಾಲದ ನಕ್ಷೆಯೂ ಎಲ್ಲರಿಗೂ ತೆರೆದಿದೆ; ಆಯೋಗದ ನಕ್ಷೆಯ ಪಕ್ಕದಲ್ಲಿ ಇದನ್ನೂ ತೆರೆದಿಟ್ಟುಕೊಂಡು ನೋಡಿದರೆ ಬಾವಿಗಳ ಗುಂಪು ಮತ್ತು ಕಂಪನಗಳ ಗುಂಪು ಎಲ್ಲೆಲ್ಲಿ ಹತ್ತಿರ ಬರುತ್ತವೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಭೂಕಂಪದ ಎದುರು ತಡವಾಗಿಯಾದರೂ ಗಟ್ಟಿಯಾಗಿ ನಿಂತದ್ದಕ್ಕೆ ಆಯೋಗದ ಎಂಜಿನಿಯರುಗಳನ್ನು ಮನಸಾರೆ ಮೆಚ್ಚುತ್ತೇನೆ.

ಆಳದ ಬಾವಿಗಳು ನಿಂತ ಮೇಲೆ ನೀರು ಎಲ್ಲಿಗೆ ಹೋಯಿತು? ಹೆಚ್ಚಿನದು ಕಡಿಮೆ ಆಳದ ಪದರಗಳಿಗೆ ಹೋಯಿತು, ಅಲ್ಲಿ ಬೇರೆಯದೇ ಸಮಸ್ಯೆ ಕಾದಿತ್ತು. 1923ರಲ್ಲಿ ಸಾಂತಾ ರೀಟಾ ಬಾವಿಯಲ್ಲಿ ತೈಲ ಚಿಮ್ಮಿದಾಗಿನಿಂದ ಈ ಸೀಮೆಯನ್ನು ನೂರು ವರ್ಷ ಕೊರೆದಿದ್ದಾರೆ. ಮುಚ್ಚಿದ, ಅರೆಬರೆ ಮುಚ್ಚಿದ, ದಾಖಲೆಯೇ ಇಲ್ಲದ ಹಳೆಯ ಬಾವಿಗಳು ಎಲ್ಲೆಡೆ ಇವೆ. ಯಜಮಾನರಿಲ್ಲದ ಬಾವಿಗಳೆಂದು ಆಯೋಗವೇ ಪಟ್ಟಿ ಮಾಡಿರುವವು ಎಂಟು ಸಾವಿರಕ್ಕೂ ಹೆಚ್ಚು. ಮೇಲಿನ ಪದರಗಳಲ್ಲಿ ಒತ್ತಡ ಏರಿದಂತೆ ಉಪ್ಪುನೀರು ಈ ಹಳೆಯ ತೂತುಗಳನ್ನು ಹಿಡಿದು ಮೇಲೇರಬಲ್ಲದು. 2022ರ ಆರಂಭದಲ್ಲಿ ಕ್ರೇನ್ ಕೌಂಟಿಯ ಒಂದು ಹಳೆಯ ಬಾವಿಯಿಂದಲೂ 2024ರ ಅಕ್ಟೋಬರಿನಲ್ಲಿ ಟೋಯಾ ಬಳಿಯ ಇನ್ನೊಂದರಿಂದಲೂ ನೀರು ಆಕಾಶಕ್ಕೆ ಚಿಮ್ಮಿದ್ದನ್ನು ಇಲ್ಲಿಯವರೆಲ್ಲ ಬಲ್ಲರು. ಅಂಥ ಜಾಗದ ಸುತ್ತ ನೆಲ ಬೆಳ್ಳಗೆ ಉಪ್ಪುಗಟ್ಟಿ, ಮೆಸ್ಕೀಟ್ ಗಿಡಗಳು ಬುಡದಿಂದಲೇ ಒಣಗಿ, ಗಾಳಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಹರಡುತ್ತದೆ. ಮಾದರಿ ತೆಗೆಯುವಾಗ ಹೈಡ್ರೋಜನ್ ಸಲ್ಫೈಡ್ ಮಾಪಕವನ್ನು ಅಂಗಿಗೆ ಸಿಕ್ಕಿಸಿಕೊಳ್ಳದೆ ನಾವು ಹತ್ತಿರ ಹೋಗುವುದಿಲ್ಲ. ಒಮ್ಮೆ ಹೀಗೆ ಉಪ್ಪು ಕುಡಿದ ನೆಲದಲ್ಲಿ ಹುಲ್ಲು ಮರಳಿ ಬರಲು ಒಂದು ತಲೆಮಾರೇ ಬೇಕಾಗಬಹುದು.

ಈ ಹಿನ್ನೆಲೆಯಲ್ಲಿ 2025ರ ಜೂನ್ 1ರಿಂದ ಪರ್ಮಿಯನ್ನಿನ ಹೊಸ ಪರವಾನಗಿಗಳಿಗೆ ಆಯೋಗ ಜಾರಿಗೆ ತಂದ ಮಾರ್ಗಸೂಚಿ, ನನ್ನ ದೃಷ್ಟಿಯಲ್ಲಿ, ಈ ವಿಚಾರದಲ್ಲಿ ಬಹುಕಾಲದ ನಂತರ ಬಂದ ಅತ್ಯುತ್ತಮ ಸುಧಾರಣೆ. ಮೊದಲು ಹೊಸ ಬಾವಿಯ ಸುತ್ತ ಕಾಲು ಮೈಲಿಯೊಳಗಿನ ಹಳೆಯ ಬಾವಿಗಳನ್ನು ಪರಿಶೀಲಿಸಿದರೆ ಸಾಕಿತ್ತು. ಈಗ ಅರ್ಧ ಮೈಲಿ. ತ್ರಿಜ್ಯ ಎರಡು ಪಟ್ಟಾದಾಗ ಪರಿಶೀಲಿಸಬೇಕಾದ ನೆಲ ನಾಲ್ಕು ಪಟ್ಟಾಗುತ್ತದೆ. ಇಳಿಸುವ ಒತ್ತಡದ ಮಿತಿಯನ್ನು ಬಂಡೆಯ ತಾಳಿಕೆಗೂ ದಿನದ ಪ್ರಮಾಣವನ್ನು ಪದರದಲ್ಲಿ ಈಗಾಗಲೇ ಇರುವ ಒತ್ತಡಕ್ಕೂ ಜೋಡಿಸಲಾಗಿದೆ. ಪದರಗಳಲ್ಲಿ ಒತ್ತಡ ವ್ಯಾಪಕವಾಗಿ ಏರಿದೆ ಎಂಬುದನ್ನು ಆಯೋಗ ತಾನೇ ಒಪ್ಪಿಕೊಂಡು ಬರೆದದ್ದೂ ಸಣ್ಣ ಸಂಗತಿಯಲ್ಲ. ಆದರೆ ಇದು ಹೊಸ ಅರ್ಜಿಗಳಿಗೆ ಹಾಕಿದ ಕಟ್ಟು; ಹಳೆಯ ನಿಯಮದಡಿ ಪರವಾನಗಿ ಪಡೆದು ಈಗಾಗಲೇ ನಡೆಯುತ್ತಿರುವ ಬಾವಿಗಳನ್ನು ಅದೇ ಅಳತೆಗೆ ತರುವ ಕಾಲಮಿತಿಯೂ ಬೇಕು. ನಿಯಮ ಮೀರಿದರೆ ದಿನಕ್ಕೆ 10,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಅದನ್ನು ಬಳಸಿದಾಗ ಆ ದಂಡದ ವಿವರ ಬಾವಿಯ ಸಂಕೇತದ ಪಕ್ಕದಲ್ಲೇ ನಕ್ಷೆಯಲ್ಲಿ ಕಾಣುವಂತಾದರೆ ಜಮೀನು ಕೊಳ್ಳುವವರಿಗೆ ಅದಕ್ಕಿಂತ ಉಪಯುಕ್ತ ಮಾಹಿತಿ ಬೇರೆಯಿಲ್ಲ.

ಗುಂಡಿಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಉಪ್ಪುನೀರನ್ನು ತೆರೆದ ಗುಂಡಿಗಳಲ್ಲಿ ಇಂಗಿಸುವುದನ್ನು ಟೆಕ್ಸಾಸ್ 1969ರಲ್ಲೇ ನಿಲ್ಲಿಸಿತು. ಕೊರೆತದ ತ್ಯಾಜ್ಯದ ಗುಂಡಿಗಳು ಮತ್ತು ಮರುಬಳಕೆಯ ನೀರಿನ ಹೊಂಡಗಳಿಗೆ 2025ರ ಜುಲೈ 1ರಿಂದ ಹೊಸ ಅಧ್ಯಾಯದ ನಿಯಮಗಳು ಬಂದಿವೆ.

ಈ ಸೇವೆಯ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಬಳಕೆದಾರರು ತಿಳಿದಿರಬೇಕು. ಇಳಿಸಲು ಜಾಗ ಕಡಿಮೆಯಾಗುತ್ತಿರುವುದರಿಂದ ಇದೇ ನೀರನ್ನು ಶುದ್ಧೀಕರಿಸಿ ನದಿಗೆ ಬಿಡುವ, ಹೊಲಕ್ಕೆ ಹರಿಸುವ ಪ್ರಸ್ತಾಪಗಳು ಹೆಚ್ಚುತ್ತಿವೆ. 2021ರಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಇದರ ಅಧ್ಯಯನಕ್ಕೆ ಒಕ್ಕೂಟವೊಂದು ಸ್ಥಾಪನೆಯಾಯಿತು. 2025ರಲ್ಲಿ ಶುದ್ಧೀಕರಿಸಿದ ನೀರನ್ನು ಮಾರುವ ಮತ್ತು ಬಳಸುವವರ ಕಾನೂನು ಹೊಣೆಯನ್ನು ಮಿತಗೊಳಿಸುವ ಕಾಯ್ದೆಯೂ ಬಂತು. ನದಿಗೆ ಬಿಡುವ ಪರವಾನಗಿ ನೀಡುವುದು ಮಾತ್ರ ರೈಲ್‌ರೋಡ್ ಕಮಿಷನ್ ಅಲ್ಲ, ರಾಜ್ಯದ ಪರಿಸರ ಗುಣಮಟ್ಟ ಆಯೋಗ. ಪೇಕೋಸ್ ನದಿಯ ಪಾತ್ರಕ್ಕೆ ಸಂಬಂಧಿಸಿದ ಅರ್ಜಿಗಳು ಅಲ್ಲಿಗೆ ಬಂದಿವೆ, ಮತ್ತು ಅವುಗಳ ಕಡತ, ಸೂಚನೆ, ಆಕ್ಷೇಪಣೆಯ ದಿನಾಂಕಗಳು ಈ ನಕ್ಷೆಯಲ್ಲಿ ಸಿಗುವುದಿಲ್ಲ. ನದಿಯ ದಂಡೆಯಲ್ಲಿ ಜಮೀನು ಇರುವವರು, ಅಥವಾ ಕೊಳ್ಳಬೇಕೆಂದಿರುವವರು, ಎರಡೂ ಆಯೋಗಗಳ ಪುಟಗಳನ್ನು ಬೇರೆಬೇರೆಯಾಗಿ ಹುಡುಕಬೇಕು. ಒಂದರಲ್ಲಿ ಏನೂ ಸಿಗಲಿಲ್ಲವೆಂದು ಇನ್ನೊಂದನ್ನು ನೋಡದೆ ಬಿಡಬಾರದು.